ಉಪ್ಪು ದಾಟುವ ಜಾಗ

ಯಜಮಾನರ ಕಾಲು ಊದಿದ್ದು ನನ್ನ ಗಮನಕ್ಕೆ ಬಂದದ್ದು ಚಪ್ಪಲಿಯ ಗುರುತಿನಿಂದ. ತೋಟದಿಂದ ಬಂದು ಜಗಲಿಯ ಮೇಲೆ ಕೂತು ಚಪ್ಪಲಿ ಬಿಟ್ಟರೆ ಬಾರಿನ ಅಚ್ಚು ಪಾದದ ಮೇಲೆ ಹಾಗೇ ಉಳಿಯುತ್ತಿತ್ತು. ಬೆರಳಿನಿಂದ ಒತ್ತಿದರೆ ನಾದಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಕುಳಿ ಬೀಳುತ್ತಿತ್ತು. ಆಗ ಅವರಿಗೆ ಮೂವತ್ತಾರು, ನನಗೆ ಇಪ್ಪತ್ತೇಳು, ಮಗಳಿಗೆ ನಾಲ್ಕು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷ ಆಗಿದ್ದಿರಬೇಕು. ನಮ್ಮ ಮನೆ ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ ಹೋಗುವ ದಾರಿಯಿಂದ ಒಂದು ಮೈಲಿ ಒಳಗೆ. ಸಣ್ಣ ಕಾಫಿ ತೋಟ, ನಡುವೆ ಕಿತ್ತಳೆ ಮರ, ಅಂಚಿನಲ್ಲಿ ಬಾಳೆ, ಮನೆ ಹಿಂದೆ ನಾಲ್ಕು ತೆಂಗು. ಮನೆಯಲ್ಲಿ ಅವರು, ನಾನು, ಮಗಳು ಮತ್ತು ನನ್ನ ಅತ್ತೆ.

ನಾವು ಲಿಂಗ ಕಟ್ಟಿದ ಮಂದಿ. ಪೂಜೆ ಮುಗಿಯದೆ ಬಾಯಿಗೆ ಏನೂ ಹಾಕಿಕೊಳ್ಳುವುದಿಲ್ಲ. ಕಷ್ಟ ಬಂದರೆ ಮೊದಲು ಗುಡಿ, ಆಮೇಲೆ ಡಾಕ್ಟರು. ಅದರಲ್ಲಿ ನಾಚಿಕೆಪಡುವಂಥದ್ದು ಇದೆ ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಶ್ರಾವಣದ ಕೊನೆಯ ಸೋಮವಾರ ನಾನು ಊರ ಬಸವಣ್ಣನ ಗುಡಿಗೆ ಹೋಗಿ, ಹಣೆಯನ್ನು ಕಲ್ಲಿಗೆ ಹಚ್ಚಿ, ಹರಕೆ ಹೊತ್ತೆ. "ಅಪ್ಪಾ, ಇವರ ಕಾಲಿನ ಊತ ಇಳಿಸು. ಇಳಿದ ದಿನದಿಂದ ಮುಂದಿನ ಶಿವರಾತ್ರಿವರೆಗೂ ನಮ್ಮ ತೋಟದ ಹಣ್ಣು, ಎಳನೀರು ಎಲ್ಲಾ ನಿನ್ನದು. ಮಗು ಒಂದನ್ನು ಬಿಟ್ಟು ಮನೆಯ ಮೂವರೂ ಹಣ್ಣು ಅನ್ನೋದನ್ನ ಬಾಯಿಗಿಡೋದಿಲ್ಲ."

ಹರಕೆ ಎಂದರೆ ಸ್ವಲ್ಪ ನೋಯಬೇಕು ಎಂದು ನನ್ನ ತವರಿನಲ್ಲಿ ಹೇಳುತ್ತಿದ್ದರು. ಮಿಕ್ಕಿದ್ದನ್ನು ಕೊಟ್ಟರೆ ಅದು ಹರಕೆಯಲ್ಲ. ಯಜಮಾನರಿಗೆ ಕಿತ್ತಳೆ ಎಂದರೆ ಪ್ರಾಣ. ಸುಗ್ಗಿಯಲ್ಲಿ ಮರದ ಬುಡದಲ್ಲೇ ಕುಕ್ಕರುಗಾಲಲ್ಲಿ ಕೂತು ಹತ್ತು ಹನ್ನೆರಡು ಹಣ್ಣು ತಿಂದು, ಊಟಕ್ಕೆ ಬಂದು "ಹಸಿವಿಲ್ಲ ಕಣೇ" ಎನ್ನುವವರು. ಅದಕ್ಕೇ ಅದನ್ನು ಆರಿಸಿದೆ.

ಮಾರನೆಯ ವಾರ ಅವರನ್ನು ಮಡಿಕೇರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದರು.

"ಚಿಕ್ಕಂದಿನಲ್ಲಿ ಜ್ವರ ಬಂದು ಕೀಲೆಲ್ಲ ಊದಿತ್ತಾ?"

"ಹೂಂ ಸ್ವಾಮಿ," ಎಂದರು ಅತ್ತೆ. "ಎಂಟು ವರ್ಸದವ್ನಾಗಿದ್ದ. ಮಂಡಿ ಮಡಚಕ್ಕಾಗ್ದೆ ಮೂರು ತಿಂಗಳು ಎತ್ಕಂಡೇ ತಿರುಗ್ದೆ."

"ಆ ಜ್ವರವೇ ಹೃದಯದ ಕವಾಟ ಕೆಡಿಸಿರೋದು. ಇದನ್ನ ಪೂರ್ತಿ ವಾಸಿ ಮಾಡೋಕೆ ನನ್ನ ಕೈಲಿ ಆಗಲ್ಲ. ಹಿಡಿದು ನಿಲ್ಲಿಸಬಹುದು."

ಎರಡು ಥರದ ಮಾತ್ರೆ ಕೊಟ್ಟರು. ಒಂದು ಹೃದಯ ಗಟ್ಟಿಯಾಗಿ ಬಡಿಯಲು, ಇನ್ನೊಂದು ಮೈಯ ನೀರು ಇಳಿಸಲು. ಜೊತೆಗೆ ಒಂದು ಶೀಷೆಯಲ್ಲಿ ಔಷಧಿ. ನೀರಿನ ಮಾತ್ರೆ ನೀರಿನ ಜೊತೆಗೆ ಮೈಯಲ್ಲಿರುವ ಒಂದು ಉಪ್ಪನ್ನೂ ಕಳೆಯುತ್ತದೆಂದೂ, ಈ ಶೀಷೆಯಲ್ಲಿರುವುದು ಆ ಉಪ್ಪೇ ಎಂದೂ ಹೇಳಿದರು. ಬಸ್ಸಿನಲ್ಲಿ ಯಜಮಾನರು ಅದರ ಮೇಲಿನ ಚೀಟಿ ಓದಿ ನಕ್ಕರು.

"ನೋಡಿದ್ಯೇನೇ? ಪೊಟ್ಯಾಷು! ಕಾಫಿ ಗಿಡಕ್ಕೆ ಹಾಕೋ ಗೊಬ್ಬರನೇ ನಂಗೂ ಹಾಕ್ತಾವ್ರೆ."

"ಸುಮ್ನಿರಿ. ಔಷ್ದೀನ ಹಂಗೆಲ್ಲ ಅನ್ಬಾರ್ದು."

"ಯಾಕನ್ಬಾರ್ದು? ಪೊಟ್ಯಾಷ್ ಕಮ್ಮಿಯಾದ್ರೆ ಎಲೆ ಅಂಚು ಸುಟ್ಟಂಗೆ ಆಯ್ತದೆ. ನನ್ನ ಅಂಚು ಹೆಂಗದೆ ನೋಡು," ಎಂದು ಕಿವಿ ಎಳೆದು ತೋರಿಸಿದರು. ಅತ್ತೆಗೂ ನಗು ಬಂತು.

ನೀರಿನ ಮಾತ್ರೆ ನುಂಗಿದ ದಿನ ಅವರು ಹತ್ತು ಸಲ ಹಿತ್ತಿಲಿಗೆ ಹೋಗಿ ಬಂದರು. ಒಂದು ವಾರದೊಳಗೆ ಪಾದದ ಮೂಳೆ ಕಂಡಿತು. ಅತ್ತೆ ಮಗನ ಕಾಲು ತೊಡೆಯ ಮೇಲಿಟ್ಟುಕೊಂಡು, ಒತ್ತಿ ಒತ್ತಿ ನೋಡಿ, ಕುಳಿ ಬೀಳದೆ ಇದ್ದಾಗ ಅತ್ತುಬಿಟ್ಟರು. ನಾನು ದೇವರ ಮನೆಗೆ ಹೋಗಿ ದೀಪ ಹಚ್ಚಿದೆ. ಹರಕೆ ಅಂದಿನಿಂದ ಶುರುವಾಯಿತು.

ಊತ ಇಳಿಸಿದ್ದು ಬಸವಣ್ಣನೋ ಮಾತ್ರೆಯೋ ಎಂದು ನಾನು ಆಗಲೂ ಲೆಕ್ಕ ಹಾಕಲಿಲ್ಲ, ಈಗಲೂ ಹಾಕುವುದಿಲ್ಲ. ಆದರೆ ಒಂದು ಸಂಗತಿ ಬರೆಯಲೇಬೇಕು. ಯಾವ ಮಾತ್ರೆ ಅವರ ಮೈಯಿಂದ ಆ ಉಪ್ಪನ್ನು ಕಳೆಯುತ್ತಿತ್ತೋ, ಅದೇ ಮಾತ್ರೆ ಊತ ಇಳಿಸಿ ಹರಕೆಯ ದಿನವನ್ನೂ ತಂದಿತ್ತು. ನಾನು ಅವರ ಬಾಯಿಂದ ಹಣ್ಣು ಕಿತ್ತುಕೊಂಡದ್ದು ಅದೇ ವಾರ.

ಶೀಷೆಯ ಔಷಧಿ ಅವರಿಗೆ ಒಗ್ಗಲಿಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗೆ ಉರಿ. ಕುಡಿದದ್ದೆಲ್ಲ ವಾಂತಿ. ಮತ್ತೆ ಮಡಿಕೇರಿಗೆ ಹೋದಾಗ ಡಾಕ್ಟರು ಅದನ್ನು ನಿಲ್ಲಿಸಿದರು. "ಬದಲಿಗೆ ದಿನಾ ಎರಡು ಬಾಳೆಹಣ್ಣು, ಒಂದು ಎಳನೀರು. ಕಿತ್ತಳೆ ಸುಗ್ಗಿ ಬಂದ್ಮೇಲೆ ಕಿತ್ತಳೆ. ಈ ಮಾತ್ರೆ ನುಂಗೋವರೆಗೂ ಇದು ತಪ್ಪಬಾರದು," ಎಂದರು. ನಾನು ಚೀಲದಲ್ಲಿ ಮಾತ್ರೆಯ ಪೊಟ್ಟಣ ಇಡುತ್ತಾ ತಲೆ ಆಡಿಸಿದೆ. ಡಾಕ್ಟರು ಹಣ್ಣು ತಿನ್ನಿ ಎನ್ನುವುದು, ಮನೆಗೆ ಬಂದವರಿಗೆ ಕಾಫಿ ಕುಡೀರಿ ಎನ್ನುವ ಹಾಗೆ ಒಂದು ಉಪಚಾರದ ಮಾತು ಎಂದುಕೊಂಡಿದ್ದೆ. ಔಷಧಿ ಎಂದರೆ ಮಾತ್ರೆ. ಹಣ್ಣು ಮರದಲ್ಲಿ ಬಿಡುವಂಥದ್ದು.

ದಾರಿಯಲ್ಲಿ ಅವರೇ ಎತ್ತಿದರು. "ಡಾಕ್ಟ್ರು ಹಣ್ಣು ತಿನ್ನು ಅಂದ್ರಲ್ಲೇ."

"ಶಿವರಾತ್ರಿ ಕಳೀಲಿ. ಹಣ್ಣು ತಿನ್ನದೆ ಯಾರೂ ಸತ್ತಿಲ್ಲ ಬಿಡಿ."

"ಸರಿ ಬಿಡು. ನಿನ್ನ ಬಸವಣ್ಣ ಹಣ್ಣು ತಿನ್ಲಿ, ನಾನು ಗಂಜಿ ಕುಡೀತೀನಿ."

ಹಾಗೇ ಆಯಿತು. ಉಪ್ಪು ಕಡಿಮೆ ಮಾಡಬೇಕೆಂದಿದ್ದರಿಂದ ಸಪ್ಪೆ ಗಂಜಿ, ಸಪ್ಪೆ ಸೊಪ್ಪು; ಸೊಪ್ಪನ್ನೂ ಬೇಯಿಸಿ ನೀರು ಬಸಿದು ಕೊಡುತ್ತಿದ್ದೆ, ಹೊಟ್ಟೆಗೆ ಹಗುರ ಎಂದು. ಕಾರ್ತಿಕ ಬಂತು. ಕಿತ್ತಳೆ ಹಣ್ಣಾಯಿತು. ಆ ವರ್ಷ ಮರ ಬಾಗುವಷ್ಟು ಬಿಟ್ಟಿತ್ತು. ಪ್ರತಿ ಸೋಮವಾರ ನಾನು ಒಂದು ಕುಕ್ಕೆ ಕಿತ್ತಳೆ, ಒಂದು ಚಿಪ್ಪು ಬಾಳೆ ಗುಡಿಗೆ ಹೊರುತ್ತಿದ್ದೆ. ಕಾಫಿ ಕೊಯ್ಲಿಗೆ ಬಂದ ಹೆಂಗಸರಿಗೆ ಹಂಚುತ್ತಿದ್ದೆ. ಪೂಜಾರಿ ಪ್ರಸಾದವೆಂದು ಒಂದು ಬಾಳೆಹಣ್ಣು ಕೈಗಿತ್ತರೂ ಕಣ್ಣಿಗೊತ್ತಿಕೊಂಡು ಮಗಳಿಗೆ ಕೊಡುತ್ತಿದ್ದೆ. ಊರಲ್ಲಿ ಹೆಸರು ಬಂತು. ಅಂಥ ಹೆಸರು ಬಂದದ್ದು ನನಗೆ ಒಳಗೊಳಗೇ ಹಿಡಿಸಿತು ಎಂಬುದನ್ನೂ ಬರೆಯುತ್ತೇನೆ.

ಒಂದು ದಿನ ಬಟ್ಟೆ ಒಗೆಯುವಾಗ ಅವರ ಅಂಗಿಯ ಜೇಬಿನಲ್ಲಿ ಕಿತ್ತಳೆ ಸಿಪ್ಪೆ ಸಿಕ್ಕಿತು. ನಾನು ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು ಮನೆಯೊಳಗೆ ಬಂದು ಕೂತು ಅತ್ತುಬಿಟ್ಟೆ. ಅವರು ಬಾಗಿಲಲ್ಲಿ ನಿಂತು, ತಪ್ಪು ಮಾಡಿದ ಮಗುವಿನ ಹಾಗೆ, "ಒಂದೇ ಒಂದು ಕಣೇ. ಅರ್ಧ ಹುಳಿ ಬೇರೆ ಇತ್ತು," ಎಂದರು.

"ನಿಮ್ಮ ಜೀವಕ್ಕೆ ಹೊತ್ತಿರೋ ಹರಕೆ ಇದು. ನಂಗೋಸ್ಕರ ಅಲ್ಲ."

"ಗೊತ್ತು. ಅಳ್ಬೇಡ. ಇನ್ನು ಮುಟ್ಟಲ್ಲ."

ಅವರು ಮಾತಿಗೆ ತಪ್ಪಿದವರಲ್ಲ.

ಪುಷ್ಯ ಮಾಸದಲ್ಲಿ ಒಂದೊಂದೇ ಶುರುವಾಯಿತು. ಮೀನಖಂಡ ಹಿಡಿದುಕೊಂಡು ಎದ್ದು ಕೂರುತ್ತಿದ್ದರು. ಅತ್ತೆ ಎಳ್ಳೆಣ್ಣೆ ತಿಕ್ಕುತ್ತಿದ್ದರು. ಕಾಫಿ ಒಣಗಿಸುವ ಕಣದವರೆಗೆ ನಡೆದರೆ ತೊಡೆ ನಡುಗುತ್ತಿತ್ತು. ಗಂಜಿ ಕಂಡರೆ ವಾಕರಿಕೆ. ಒಂದು ಸಂಜೆ ದೇವರ ದೀಪ ನೋಡಿ, "ಇದೇನೇ, ದೀಪದ ಸುತ್ತ ಅರಿಶಿನ ಎರಚಿದಂಗೆ ಬಳೆ ಕಾಣ್ತದೆ? ನಿನ್ನ ಸೀರೆನೂ ಹಳದಿ, ಗೋಡೆನೂ ಹಳದಿ," ಎಂದರು. ನನ್ನ ಸೀರೆ ಬೂದು ಬಣ್ಣದ್ದು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕೈ ಮುಗಿದರು. "ಸ್ವಾಮಿ ಪ್ರಭಾವಳಿ ತೋರಿಸ್ತಾವ್ನೆ ಮಗಾ. ಹರಕೆ ಮುಟ್ತು." ನನಗೂ ಮೈ ಜುಮ್ಮೆಂದಿತು. ಅದು ಹೃದಯದ ಮಾತ್ರೆ ಮೈಯಲ್ಲಿ ನಂಜಾಗುತ್ತಿರುವ ಗುರುತು ಎಂದು ನಮಗೆ ಹೇಗೆ ಗೊತ್ತಾಗಬೇಕು. ಡಾಕ್ಟರಿಗಾದರೆ ಗೊತ್ತಾಗುತ್ತಿತ್ತು. ಹೇಳಿಕಳಿಸಬೇಕು ಎಂದು ತೋಚಲಿಲ್ಲ. ಒಳ್ಳೆಯ ಸುದ್ದಿಯನ್ನು ಯಾರು ಡಾಕ್ಟರಿಗೆ ಹೇಳಿಕಳಿಸುತ್ತಾರೆ?

ಅದಾಗಿ ನಾಲ್ಕನೆಯ ಬೆಳಿಗ್ಗೆ ಅವರು ಪೂಜೆಗೆಂದು ಕೂತವರು ಹಾಗೇ ಗೋಡೆಗೆ ಒರಗಿದರು. ಕೈ ಹಿಡಿದು ನೋಡಿದೆ. ನಾಡಿ ಎರಡು ಸಲ ಬಡಿದು ಒಂದು ಸಲ ಸುಮ್ಮನಾಗುತ್ತಿತ್ತು. ಆ ಸುಮ್ಮನಿರುವುದು ಒಂದೊಂದು ಸಲ ಎಷ್ಟು ಉದ್ದವಾಗುತ್ತಿತ್ತು ಎಂದರೆ ನಾನು "ಶಿವ ಶಿವ" ಎಂದು ಎರಡು ಬಾರಿ ಅನ್ನಬಹುದಿತ್ತು. ಪಕ್ಕದ ಎಸ್ಟೇಟಿನವರು ಜೀಪು ಕೊಟ್ಟರು. ಅದು ಒಂದೇ ಸಲಕ್ಕೆ ಸ್ಟಾರ್ಟ್ ಆದದ್ದು ಒಂದು ಪುಣ್ಯ. ಮಗಳನ್ನು ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿಯ ಬಳಿ ಬಿಟ್ಟೆವು. ಜೀಪಿನ ಡ್ರೈವರು ಸುಂಟಿಕೊಪ್ಪದ ಮಲೆಯಾಳಿ, ದಾರಿಯುದ್ದಕ್ಕೂ "ಹೆದರ್ಬೇಡಿ ಅಕ್ಕಾ, ಈಗ ಮುಟ್ಟಿತು, ಈಗ ಮುಟ್ಟಿತು" ಎನ್ನುತ್ತಾ, ತಿರುವಿನಲ್ಲಿ ಅವರ ಮೈ ಕುಲುಕದ ಹಾಗೆ ಓಡಿಸಿದ. ಅದೂ ಒಂದು ಪುಣ್ಯ.

ಎಂಟು ಗಂಟೆಗೆ ಮಡಿಕೇರಿ. ಡಾಕ್ಟರು ನಾಡಿ ಹಿಡಿದು, ಎದೆ ಕೇಳಿ, ಮತ್ತೆ ನಾಡಿ ಹಿಡಿದರು. ಕಣ್ಣಿಗೆ ಬಣ್ಣ ಹೇಗೆ ಕಾಣುತ್ತದೆ ಎಂದು ಕೇಳಿದರು. "ಎಲ್ಲಾ ಹಳದಿ" ಎಂದರು ಯಜಮಾನರು. ಡಾಕ್ಟರ ಮುಖ ಬಿಗಿಯಿತು. ನನ್ನ ಕಡೆ ತಿರುಗಿದರು.

"ಬಾಳೆಹಣ್ಣು, ಕಿತ್ತಳೆ ಎಲ್ಲಾ ದಿನಾ ಕೊಡ್ತಿದ್ದೀರಲ್ವಾಮ್ಮ?"

ಯಜಮಾನರ ಕಣ್ಣು ಮುಚ್ಚಿತ್ತು. ಅತ್ತೆ ಮಂಚದ ಆ ಕಡೆ ನಿಂತಿದ್ದರು.

"ಕೊಡ್ತಿದೀವಿ," ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಾವಿರ ಸಲ ಕೇಳಿಕೊಂಡಿದ್ದೇನೆ. ಹರಕೆ ಕೆಡುತ್ತದೆ ಎಂಬ ಭಯ ಅಲ್ಲ. ಅದನ್ನು ನೆನೆಯುವಷ್ಟೂ ಹೊತ್ತು ಇರಲಿಲ್ಲ. ಬೈಯುತ್ತಾರೆ ಎಂಬ ಭಯ. ಶಾಲೆಯಲ್ಲಿ ಮೇಷ್ಟ್ರು ಪಾಠ ಓದಿದೆಯಾ ಎಂದರೆ ಓದಿದೆ ಎನ್ನುವ ಹುಡುಗಿಯ ಭಯ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಬರೆಯಲು ಸ್ವಲ್ಪ ಸುಲಭವಾಗುತ್ತಿತ್ತು.

ಡಾಕ್ಟರು ಉಸಿರು ಬಿಟ್ಟರು. "ಹಣ್ಣು ತಿಂತಿದ್ದಾರೆ ಅಂದ್ರೆ ಪೊಟ್ಯಾಷ್ ಕಮ್ಮಿ ಇರಲಾರದು. ಹೆಚ್ಚಿದ್ದಾಗ ಮತ್ತೆ ಕೊಟ್ಟರೆ ಹೃದಯ ನಿಂತೇ ಹೋಗುತ್ತೆ. ರಕ್ತ ಪರೀಕ್ಷೆ ಮಾಡಿ ನೋಡೋಣ ಅಂದ್ರೆ ಆ ಸೌಕರ್ಯ ಇಲ್ಲಿ ಇಲ್ಲ. ಮಾತ್ರೆ ನಿಲ್ಲಿಸಿ ಕಾಯೋಣ." ಅವರ ಬಳಿ ಇದ್ದದ್ದು ನನ್ನ ಮಾತು ಒಂದೇ. ಅದನ್ನು ನಂಬಿ ಕಾದರು.

ನಾವೂ ಕಾದೆವು. ಹತ್ತಾಯಿತು, ಹನ್ನೆರಡಾಯಿತು. ನಾಡಿ ಹಾಗೇ ಎಡವುತ್ತಿತ್ತು. ನಾನು ಮಂಚದ ಕಾಲಿನ ಬಳಿ ಕೂತು ಪಂಚಾಕ್ಷರಿ ಜಪಿಸುತ್ತಿದ್ದೆ. ಜಪದ ನಡುವೆ ಡಾಕ್ಟರ ಪ್ರಶ್ನೆ ಬಂದು ನಿಲ್ಲುತ್ತಿತ್ತು. ಅದನ್ನು ದಾಟಿ ಮುಂದೆ ಹೋಗುತ್ತಿದ್ದೆ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಪಕ್ಕದ ಮಂಚದ ರೋಗಿಯ ಹೆಂಡತಿ, ಕುಶಾಲನಗರದ ಕಡೆಯ ಹೆಂಗಸು, ಗಂಡನಿಗೆಂದು ಕಿತ್ತಳೆ ಸುಲಿದಳು. ವಾಸನೆ ಇಡೀ ಕೋಣೆಗೆ ಹಬ್ಬಿತು. ಅವಳು ಒಂದು ತೊಳೆ ತೆಗೆದು ಯಜಮಾನರ ಬಾಯಿಯ ಹತ್ತಿರ ಹಿಡಿದು, "ಬಾಯಿ ಒಣಗ್ಯದೆ ಅಣ್ಣಾ, ಒಂಚೂರು ಚೀಪಿ," ಎಂದಳು.

ಅವರು ಕಣ್ಣು ತೆರೆದರು. ತುಟಿ ಬಿರಿದಿತ್ತು. ಮುಖ ಪಕ್ಕಕ್ಕೆ ತಿರುಗಿಸಿದರು.

"ಬ್ಯಾಡ ತಂಗೀ. ನಮ್ಮನೇಲಿ ಹರಕೆ ಅದೆ."

ನಾನು ಎದ್ದು ಓಡಿದೆ. ಡಾಕ್ಟರು ಮೆಟ್ಟಿಲು ಇಳಿಯುತ್ತಿದ್ದರು. ಅವರ ಕೋಟಿನ ತೋಳು ಹಿಡಿದುಕೊಂಡೆ. ಪರಗಂಡಸನ್ನು ನಾನು ಮುಟ್ಟಿದ್ದು ಜೀವನದಲ್ಲಿ ಅದೊಂದೇ ಸಲ. "ಸುಳ್ಳು ಹೇಳ್ದೆ ಸ್ವಾಮಿ. ಕೊಟ್ಟಿಲ್ಲ. ಒಂದು ಹಣ್ಣೂ ಕೊಟ್ಟಿಲ್ಲ. ಊತ ಇಳಿದಾಗಿಂದ ಕೊಟ್ಟಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಲ್ಕು ತಿಂಗಳಾ?" ಎಂದಷ್ಟೇ ಕೇಳಿ, ಎರಡೆರಡು ಮೆಟ್ಟಿಲು ಹತ್ತಿ ಒಳಗೆ ಓಡಿದರು.

ಮೊದಲು ನಿಲ್ಲಿಸಿದ್ದ ಆ ಶೀಷೆಯ ಔಷಧಿಯನ್ನೇ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದರು. ತೋಳಿನ ನರಕ್ಕೂ ಬಹಳ ನಿಧಾನವಾಗಿ ಹನಿ ಹನಿಯಾಗಿ ಬಿಟ್ಟರು. ಡಾಕ್ಟರು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ನಾಡಿ ಹಿಡಿದೇ ಇದ್ದರು. ಬೇಗ ಬಿಡಬಾರದಾ ಎಂದು ಕೇಳಿದೆ.

"ಆಗಲ್ಲಮ್ಮ. ಹೃದಯದ ಮಾಂಸ ಅಂದ್ರೆ ಎಳೆ ಎಳೆಯಾಗಿರೋ ಸಣ್ಣ ಕಣಗಳು. ಆ ಕಣದ ಒಳಗೆ ಪೊಟ್ಯಾಷು, ಹೊರಗೆ ನಮ್ಮ ಅಡುಗೆ ಉಪ್ಪು. ಒಂದೊಂದು ಬಡಿತಕ್ಕೂ ಇದು ಆಚೆ, ಅದು ಈಚೆ ದಾಟಬೇಕು. ಆ ಅಳತೆ ತಪ್ಪಿದೆ. ಒಮ್ಮೆಗೇ ಸುರಿದ್ರೆ ಇನ್ನೊಂದು ಕಡೆಗೆ ತಪ್ಪುತ್ತೆ."

"ಎಲ್ಲಿಂದ ದಾಟ್ತದೆ ಸ್ವಾಮಿ?"

"ಆ ಕಣದ ಪೊರೆಯಲ್ಲಿ ಎಲ್ಲೋ. ಇಂಥದ್ದೇ ಜಾಗ ಅಂತ ಇನ್ನೂ ಯಾರೂ ಕಣ್ಣಾರೆ ಕಂಡಿಲ್ಲ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಎಡವುವುದು ಸ್ವಲ್ಪ ಕಡಿಮೆಯಾಯಿತು. ಡಾಕ್ಟರು ನನ್ನ ಕೈ ತಂದು ಅವರ ಮಣಿಕಟ್ಟಿನ ಮೇಲಿಟ್ಟು, "ನೀವೇ ನೋಡಿ," ಎಂದರು. ಹತ್ತು ಬಡಿತ ಒಂದೇ ಸಮ ಬಂತು. ನಾನು ಮನಸ್ಸಿನಲ್ಲೇ ಹತ್ತು ಸಲ ಶರಣು ಎಂದೆ. ಬೆಳಿಗ್ಗೆ ಅವರು ಎದ್ದು, ಲಿಂಗ ಕೈಗೆ ಕೊಡು ಎಂದರು. ವಿಭೂತಿ ಹಚ್ಚಿಕೊಂಡು ಪೂಜೆ ಮಾಡಿಕೊಂಡರು. ಆಮೇಲೆ, "ಕಣದಲ್ಲಿ ಕಾಫಿ ಯಾರು ತಿರುವ್ತಾವ್ರೆ? ಮೋಡ ಬಂದ್ರೆ ಬೂಸ್ಲು ಹಿಡೀತದೆ," ಎಂದು ಕೇಳಿದರು. "ರೈಟ್ರಿಗೆ ಹೇಳಿದೀನಿ" ಎಂದೆ. "ಹೇಳಿದ್ರೆ ಸಾಲ್ದು ಕಣೇ, ನೋಡ್ಬೇಕು," ಎಂದರು. ಆ ಮಾತು ಮುಗಿದು ಸ್ವಲ್ಪ ಹೊತ್ತಿಗೆ, ಒಂಬತ್ತು ಗಂಟೆಯ ಬಿಸಿಲು ಕಿಟಕಿಯಲ್ಲಿ ಇರುವಾಗ, ಅವರ ಕೈ ನನ್ನ ಕೈಯಲ್ಲಿ ಇರುವಾಗಲೇ, ನಾಡಿ ಮೂರು ಸಲ ಬಿರುಸಾಗಿ ಬಡಿದು ನಿಂತಿತು. ಡಾಕ್ಟರು ಎದೆಯನ್ನು ಗುದ್ದಿದರು, ಸೂಜಿ ಚುಚ್ಚಿದರು. ಅದು ಮತ್ತೆ ಹೊರಡಲಿಲ್ಲ.

ಪೂಜೆ ಮುಗಿಸಿಕೊಂಡು ಹೋದರು. ಬೆಳಕಿನಲ್ಲಿ ಹೋದರು. ಇನ್ನೊಂದು ಅಂಗೈಯಲ್ಲಿ ಲಿಂಗ ಇನ್ನೂ ಇತ್ತು. ಇವನ್ನು ನಾನು ಎಣಿಸಿ ಇಟ್ಟುಕೊಂಡಿದ್ದೇನೆ.

ಡಾಕ್ಟರು ಅತ್ತೆಯ ಮುಂದೆ, ನಮ್ಮ ನೆಂಟರ ಮುಂದೆ, ಒಂದು ಮಾತೂ ಆಡಲಿಲ್ಲ. "ಕವಾಟ ಬಹಳ ಕೆಟ್ಟಿತ್ತು," ಎಂದಷ್ಟೇ ಹೇಳಿ ಕಳಿಸಿದರು. ತೋಟದ ಮೇಲ್ಗಡೆ ಮಾವನವರ ಸಮಾಧಿಯ ಪಕ್ಕದಲ್ಲೇ ಅವರನ್ನು ಕೂರಿಸಿ ಮಣ್ಣು ಕೊಟ್ಟೆವು. ಬಂದವರೆಲ್ಲ, "ಅಷ್ಟು ಹರಕೆ ಹೊತ್ಲಲ್ಲ ಪಾಪ, ದೇವರಿಗೂ ಕಣ್ಣಿಲ್ಲ," ಎಂದು ನನ್ನನ್ನು ಸಮಾಧಾನ ಮಾಡಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ದೇವರ ಮೇಲೆ ಹೊರೆ ಹಾಕುವಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ. ಇದು ಎರಡನೆಯ ಸುಳ್ಳು.

ನಲವತ್ತು ದಿನಕ್ಕೆ ಶಿವರಾತ್ರಿ ಬಂತು. ಹರಕೆ ಪೂರೈಸಿ ಬಂದೆ. ಆಡಿದ್ದನ್ನು ಅರ್ಧಕ್ಕೆ ಬಿಡಲು ನನಗೆ ಕಲಿಸಿರಲಿಲ್ಲ. ಬಸವಣ್ಣನ ಮೇಲೆ ನನಗೆ ಸಿಟ್ಟು ಬಂದದ್ದಿಲ್ಲ. ಆತ ಕಿತ್ತಳೆ ಕೇಳಿರಲಿಲ್ಲ, ಕೊಡುತ್ತೇನೆ ಎಂದವಳು ನಾನು.

ಅದೇ ವಾರ, ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಎದುರಿಗೆ ಕೂತು, ಇನ್ನು ಹೇಳಿಬಿಡಬೇಕು ಎಂದುಕೊಂಡು, "ಅತ್ತೆ, ಅವತ್ತು ಡಾಕ್ಟ್ರು ಕೇಳ್ದಾಗ..." ಎಂದು ಶುರು ಮಾಡಿದೆ. ಅವರು ಮೊರದಿಂದ ಕಣ್ಣೆತ್ತಲಿಲ್ಲ.

"ನಾನೂ ಅಲ್ಲೇ ನಿಂತಿದ್ನಲ್ಲವ್ವ. ನಂಗೂ ಬಾಯಿತ್ತು."

ಅಷ್ಟೇ. ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ ಹದಿನೆಂಟು ವರ್ಷ ನಾವಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡೆವು. ಆ ವಿಷಯ ಮತ್ತೆ ಬರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿ ಅರ್ಧ ಪಾಪವನ್ನು ತಾನೇ ಕೈಚಾಚಿ ತೆಗೆದುಕೊಂಡದ್ದಕ್ಕಿಂತ ದೊಡ್ಡ ದಯೆಯನ್ನು ನಾನು ಯಾರಿಂದಲೂ ಪಡೆದಿಲ್ಲ. ಆದರೆ ಅದು ಅವರ ಪಾಲಲ್ಲ. ಪ್ರಶ್ನೆ ಕೇಳಿದ್ದು ನನ್ನನ್ನು.

ನನಗೆ ಒಂದು ಸಮಾಧಾನ ಮಾತ್ರ ಇತ್ತು, ಅದನ್ನು ನಾನೇ ಕಟ್ಟಿಕೊಂಡದ್ದು. ಕಣ ಎಂದರು, ಅದರ ಒಳಗೆ ಎಂದರು, ಎಲ್ಲೋ ಎಂದರು. ಹಾಗಾದರೆ ಉಪ್ಪು ಅಲ್ಲಿಗೆ ಮುಟ್ಟಬೇಕಾದರೆ ಬಹಳ ದೂರ ಹೋಗಬೇಕು. ಬೆಳಿಗ್ಗೆ ಎಂಟಕ್ಕೆ ಹೇಳಿದ್ದರೂ, ಸಂಜೆ ನಾಲ್ಕಕ್ಕೆ ಹೇಳಿದ್ದರೂ, ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಇದನ್ನು ಹಿಡಿದುಕೊಂಡು ಮಗಳನ್ನು ಸಾಕಿದೆ, ಓದಿಸಿದೆ, ಮದುವೆ ಮಾಡಿದೆ. ಅ‌ವಳಿಗೂ ಎಲ್ಲರಿಗೆ ಹೇಳಿದ್ದನ್ನೇ ಹೇಳಿದ್ದೆ: ನಿಮ್ಮಪ್ಪನ ಕವಾಟ ಕೆಟ್ಟಿತ್ತು.

ಈಗ ಮಗಳ ಮಗಳು ಡಾಕ್ಟರ ಓದು ಓದಿ, ಡಾಕ್ಟರಾಗುವ ಮಕ್ಕಳಿಗೆ ದೇಹದ ಪಾಠ ಹೇಳುತ್ತಾಳೆ. ಹೋದ ಬೇಸಗೆಯಲ್ಲಿ ಬಂದಾಗ ಕೇಳಿದೆ. "ಮಗಾ, ಹೃದಯದೊಳಗೆ ಪೊಟ್ಯಾಷು ದಾಟೋ ಜಾಗ ಎಲ್ಲಿದೆ ಅಂತ ಈಗ ಗೊತ್ತಾಗಿದೆಯಾ?"

"ಅಬ್ಬಾ, ಅಜ್ಜಿ ನನ್ನ ಪರೀಕ್ಷೆ ಮಾಡ್ತಿದ್ದಾರೆ!" ಎಂದು ನಕ್ಕು, ಒಂದು ಮದುವೆ ಪತ್ರಿಕೆಯ ಹಿಂದೆ ಉದ್ದ ಇಟ್ಟಿಗೆಯ ಹಾಗೆ ಚಿತ್ರ ಬರೆದಳು. "ಇದು ಹೃದಯದ ಒಂದು ಜೀವಕೋಶ. ಸುತ್ತ ಪೊರೆ ಇದೆ. ಪೊಟ್ಯಾಸಿಯಂ ಹೊರಗೆ ಹೋಗೋ ಕಿಂಡಿಗಳು ಈ ಪೊರೆಯಲ್ಲಿರೋದು. ಒಂದೇ ಥರ ಅಲ್ಲ, ಬೇಕಾದಷ್ಟು ಥರ. ಬಡಿತ ಮುಗಿದ ಮೇಲೆ ಇವು ತೆರೆದು ಪೊಟ್ಯಾಸಿಯಂ ಆಚೆ ಹೋದ್ರೇನೇ ಕೋಶಕ್ಕೆ ವಿಶ್ರಾಂತಿ. ಆದ್ರೆ ಈ ಪೊರೆ ಮೇಲ್ಗಡೆ ಮಾತ್ರ ಇಲ್ಲ ಅಜ್ಜಿ. ಅಲ್ಲಲ್ಲಿ ಒಳಕ್ಕೆ ಕೊಳವೆ ಥರ ಇಳಿದಿದೆ."

"ಗದ್ದೆ ಬದುವಲ್ಲಿ ಏಡಿ ಬಿಲ ಇರೋ ಹಂಗಾ?"

"ಹಾಂ, ಹಾಗೇ! ಆ ಬಿಲದ ಗೋಡೆಯಲ್ಲೂ ಕಿಂಡಿಗಳಿವೆ. ಒಂದೆರಡು ಜಾತಿಯವು ಅಲ್ಲೇ ಹೆಚ್ಚು. ಒಂದು ಕೋಶ ಇನ್ನೊಂದಕ್ಕೆ ತಾಗೋ ತುದಿಯಲ್ಲೂ ಕೆಲವಿವೆ. ಹೊರಗಡೆ ಪೊಟ್ಯಾಸಿಯಂ ತೀರಾ ಕಮ್ಮಿಯಾದ್ರೆ ಮುಖ್ಯವಾದ ಕಿಂಡಿಗಳೇ ಸರಿಯಾಗಿ ಕೆಲಸ ಮಾಡಲ್ಲ. ಕೋಶಕ್ಕೆ ವಿಶ್ರಾಂತಿ ಸಿಗೋದು ತಡವಾಗುತ್ತೆ, ಅಷ್ಟರಲ್ಲೇ ಇನ್ನೊಂದು ಬಡಿತ ನುಗ್ಗುತ್ತೆ."

ನಾನು ಆ ಬಿಲದ ಚಿತ್ರದ ಮೇಲೆ ಬೆರಳಿಟ್ಟೆ. "ಇದರ ತಳದವರೆಗೆ ಉಪ್ಪು ಹೋಗಿ ಮುಟ್ಟಕ್ಕೆ ಎಷ್ಟು ಹೊತ್ತು ಬೇಕು? ಒಂದು ದಿನ ಬೇಕಾ?"

"ದಿನವಾ? ಅಜ್ಜಿ, ಈ ಇಡೀ ಕೋಶನೇ ಕೂದಲಿಗಿಂತ ಸಣ್ಣದು. ಒಂದು ಸೆಕೆಂಡೂ ಬೇಡ. ರಕ್ತಕ್ಕೆ ಬಂದಿದ್ದು ಕಣ್ಣು ಮಿಟುಕಿಸೋದ್ರೊಳಗೆ ಅಲ್ಲಿರುತ್ತೆ. ಕೊಟ್ಟಿದ್ದು ರಕ್ತಕ್ಕೆ ಸೇರಬೇಕು, ಅದೇ ತಡ."

ನಾನು ಚಿತ್ರದ ಮೇಲಿಂದ ಬೆರಳು ತೆಗೆದೆ. ಆಮೇಲೆ, "ಹಂಗಾದ್ರೆ ಎಂಟು ಗಂಟೆ ಹೊತ್ತು ಮುಂಚೆ ಕೊಟ್ಟಿದ್ರೆ?" ಎಂದೆ.

ಅವಳ ನಗು ಹೋಯಿತು. "ಯಾರಿಗೆ ಅಜ್ಜಿ?"

"ಮೊದ್ಲು ಹೇಳು."

"ರೋಗಿಯನ್ನ ನೋಡದೆ ಹೇಳಕ್ಕಾಗಲ್ಲ. ಕವಾಟ ಕೆಟ್ಟಿದ್ರೆ ಆಗಲೂ ಹೋಗಿರಬಹುದು. ಉಳಿದೂ ಇರಬಹುದಿತ್ತು. ನಾನು ಸುಳ್ಳು ಸಮಾಧಾನ ಹೇಳಲ್ಲ."

ಹೇಳದೆ ಇದ್ದದ್ದು ಅವಳ ಒಳ್ಳೆಯತನ. ಆ ಜಾಗ ದೂರವಿರಲಿಲ್ಲ. ನನಗೆ ಬೇಕಾಗಿದ್ದ ದೂರ ಅಲ್ಲಿ ಇರಲೇ ಇಲ್ಲ. ತಡವಾದದ್ದು ಯಾವ ಬಿಲದಲ್ಲೂ ಅಲ್ಲ, ನನ್ನ ಬಾಯಿಯಲ್ಲಿ.

"ಹೋಗಿ ನಿಮ್ಮಮ್ಮನ್ನ ಕರಿ," ಎಂದೆ. ಮಗಳು ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಇಬ್ಬರನ್ನೂ ಕೂರಿಸಿಕೊಂಡು, ಚಪ್ಪಲಿಯ ಗುರುತಿನಿಂದ ಹಿಡಿದು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಮಗಳು ಹಿಡಿದುಕೊಳ್ಳಲಿಲ್ಲ.

"ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲವ್ವ?"

"ಡಾಕ್ಟ್ರು ಕೇಳ್ದಾಗಲೇ ಹೇಳ್ದವಳಲ್ಲ ನಾನು."

ಅವಳು ಎದ್ದು ಹೋದಳು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ತಟ್ಟೆ ಇಡುತ್ತಿದ್ದಳು, ತೆಗೆಯುತ್ತಿದ್ದಳು. ನಾನು ಕೇಳಲೂ ಇಲ್ಲ. ಕೇಳುವ ಹಕ್ಕು ನನ್ನದಲ್ಲ. ಮೂರನೆಯ ಬೆಳಿಗ್ಗೆ ಬಾಗಿಲಲ್ಲಿ ಬಂದು ನಿಂತು, ನನ್ನ ಮುಖ ನೋಡದೆ, "ನೀರು ಕಾದದೆ. ಸ್ನಾನ ಮಾಡಿ ಪೂಜೆಗೆ ಕೂತ್ಕೊ," ಎಂದಳು.